ತುರ್ತುದ್ವಾರ ಮೀಮಾಂಸೆ

ಬಹುಮಹಡಿ ಕಟ್ಟಡದ ತುರ್ತುದ್ವಾರಕ್ಕೆ ಬೀಗ ಸಲ್ಲುವುದೇ ಎಂಬ ಜಿಜ್ಞಾಸೆಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಪಂಡಿತರು ಎರಡು ಪಂಥವಾಗಿದ್ದಾರೆ. ಬೆಂಕಿ ಬಂದರೆ ಬಂತು, ಕಳ್ಳ ಬಂದೇ ಬರುತ್ತಾನೆ, ಆದ್ದರಿಂದ ಬೀಗ ಬೇಕೇ ಬೇಕು ಎನ್ನುವವರು ಚೋರಭೀತಿವಾದಿಗಳು. ಬೀಗ ಹಾಕಿದರೆ ಹಳೇ ಮಂಚ, ಮಗುವಿನ ಮೂರು ಗಾಲಿ ಸೈಕಲ್ಲು, ಗಣಪತಿ ಪೆಂಡಾಲಿನ ಗಳಗಳನ್ನು ಮೆಟ್ಟಿಲ ಮೇಲೆ ಪೇರಿಸುವುದು ಹೇಗೆ ಎಂದು ಕೇಳುವವರು ಸ್ಥಳೋಪಯೋಗವಾದಿಗಳು.

ಗೋಡೆಯ ಮೇಲಿನ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ವಿಷಯದಲ್ಲಿ ಮಾತ್ರ ಉಭಯರಿಗೂ ಒಮ್ಮತ: ಬಾಗಿಲು ಬಡಿಯದಂತೆ ಒತ್ತು ಕೊಡಲು ಅದಕ್ಕಿಂತ ಪ್ರಶಸ್ತವಾದದ್ದಿಲ್ಲ. ಅದರ ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು ಎಂಬ ಮಾತನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಲಾಗಿದೆ.

ಇನ್ನು ಹೊಗೆ ಅಲಾರಂ. ಇದರ ಒಂದು ಬಗೆಯಲ್ಲಿ ಅಮೆರಿಸಿಯಂ-241 ಎಂಬ ವಿಕಿರಣಶೀಲ ಧಾತುವಿನ ಕಣವಿರುತ್ತದೆ. ಅರ್ಧಾಯುಷ್ಯ ಸುಮಾರು 432 ವರ್ಷ. ಬ್ಯಾಟರಿಯ ಆಯುಷ್ಯವಾದರೋ ಮೊದಲ ಒಣಮೆಣಸಿನಕಾಯಿ ಒಗ್ಗರಣೆಯವರೆಗೆ. ಅಲಾರಂ ಕಿರುಚುತ್ತದೆ, ಯಜಮಾನರು ಸ್ಟೂಲು ಹತ್ತುತ್ತಾರೆ, ಬ್ಯಾಟರಿ ಟಿವಿ ಸ್ಟ್ಯಾಂಡಿನ ಡ್ರಾಯರು ಸೇರುತ್ತದೆ. ಅಲಾರಂ ಅನ್ನು ಅಡುಗೆ ಒಲೆಯಿಂದ ದೂರ, ಮಲಗುವ ಕೋಣೆಗಳ ಹತ್ತಿರ ಹಾಕಿಸಿದ್ದರೆ ಈ ಸ್ಟೂಲಾರೋಹಣವೇ ಬೇಕಿರಲಿಲ್ಲ.

ತುರ್ತುದ್ವಾರದ ಬೀಗದ ಕೈ ಎಲ್ಲಿ ಎಂದರೆ ವಾಚ್‌ಮನ್ ಉತ್ತರ ಸಿದ್ಧವಾಗಿರುತ್ತದೆ: “ಸೆಕ್ರೆಟರಿ ಸಾಹೇಬ್ರ ಹತ್ರ ಐತೆ ಸಾರ್, ಅವ್ರು ಊರಲ್ಲಿಲ್ಲ.”

ಇದು ಪೂರ್ವಪಕ್ಷ. ಸಿದ್ಧಾಂತ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗದಲ್ಲಿದೆ: ನಿರ್ಗಮನದ ಬಾಗಿಲನ್ನು ಒಳಗಿರುವವರು ಕೀಲಿಯಿಲ್ಲದೆ ತೆರೆಯುವಂತಿರಬೇಕು. ಭಾಷ್ಯಕ್ಕೆ ಎಡೆಯೇ ಇಲ್ಲದಂತೆ ಬರೆದಿರುವುದು ಪಂಡಿತರಿಗೆ ನಿರಾಸೆ ತಂದಿದೆ.

ದೃಷ್ಟಾಂತಗಳಲ್ಲಿ ತಮಾಷೆಯಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಟ್ರಾನ್ಸ್‌ಫಾರ್ಮರಿಗೆ ಹೊತ್ತಿದ ಬೆಂಕಿಯ ಹೊಗೆ ಮೇಲೇರಿತ್ತು; ಬಾಲ್ಕನಿಯಲ್ಲಿ ಹೊರಹೋಗುವ ದಾರಿಯನ್ನು ಹೆಚ್ಚುವರಿ ಸೀಟುಗಳು ನುಂಗಿದ್ದವು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಅಲ್ಲಿಯೂ ಹೊಗೆಯೇ. ತುರ್ತುದ್ವಾರಕ್ಕೆ ಬೀಗವಿತ್ತು, ಉಸಿರಿಗಾಗಿ ಕಿಟಕಿಗೆ ಬಂದವರಲ್ಲಿ ಕೆಲವರು ಕೆಳಗೆ ಹಾರಿದರು.

ಚೋರಭೀತಿವಾದಿಗಳಿಗೆ ಒಂದು ಸಮಾಧಾನವುಂಟು. ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ತೆರೆದುಕೊಳ್ಳುವ, ಹೊರಗಿನಿಂದ ಕಳ್ಳನಿಗೆ ಬಗ್ಗದ ಪ್ಯಾನಿಕ್ ಬಾರ್ ಬಾಗಿಲುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಮುಂದಿನ ಸಂಘದ ಸಭೆಯಲ್ಲಿ, ಪಾರ್ಕಿಂಗ್ ಜಗಳ ಶುರುವಾಗುವ ಮೊದಲೇ, ಆ ಖರ್ಚಿಗೆ ಒಪ್ಪಿಗೆ ಪಡೆದುಬಿಡಿ.