ಪೆಟ್ಟಿಗೆ ಕೆಟ್ಟಿಲ್ಲ ಸ್ವಾಮಿ

ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಯಾರಿಸುವ ಕಂಪನಿಗಳಿಗೆ, ಮೈಸೂರಿನಿಂದ ಒಂದು ಬಹಿರಂಗ ಪತ್ರ



ಸರಸ್ವತಿಪುರಂನ ನಮ್ಮ ಮನೆಯಲ್ಲಿ ವರ್ಷಗಳಿಂದ ವೀಣೆ ಪಾಠಗಳನ್ನು ರೆಕಾರ್ಡ್ ಮಾಡುತ್ತ ಬಂದಿದ್ದೇನೆ. ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ನಿಮ್ಮಲ್ಲೊಬ್ಬರು ಮಾಡಿದ ಪುಟ್ಟ ಪೆಟ್ಟಿಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಕೈಸಾಲ ಮಾಡಿ ಹೊಸ ಲ್ಯಾಪ್‌ಟಾಪ್ ತಂದೆ. ಪೆಟ್ಟಿಗೆ ಸಿಕ್ಕಿಸಿದರೆ ದೀಪ ಹತ್ತಿತು, ಸದ್ದು ಬರಲಿಲ್ಲ. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶವಾದ ಡ್ರೈವರ್ ವಿಂಡೋಸ್ 7ರ ಕಾಲದ್ದು. ಅದನ್ನು ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ಎಂಬ ಹೊಸ ಕಾವಲು ಒಳಗೇ ಬಿಡಲಿಲ್ಲ. ವಿಚಾರಿಸಿದರೆ, ಆ ಮಾಡೆಲ್ ನಿಂತುಹೋಗಿದೆ, ಹೊಸದು ಕೊಳ್ಳಿ ಎಂಬ ಉತ್ತರ.

ಅದೇ ಪೆಟ್ಟಿಗೆಯನ್ನು ಗೆಳೆಯನ ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿದೆವು. ಸಾರಣಿ ತಂತಿ ಮೀಟಿದೊಡನೆ ಗಮಕದ ಎಳೆಯೂ ಬಿಡದೆ ದಾಖಲಾಯಿತು. ಅಲ್ಲಿಗೆ ಪೆಟ್ಟಿಗೆ ಸತ್ತಿಲ್ಲವೆಂದಾಯಿತು. ನೀವು ಕೈಬಿಟ್ಟದ್ದನ್ನು ಗುರುತು ಪರಿಚಯವಿಲ್ಲದ ಯಾರೋ ಬಿಡುವಿನ ವೇಳೆಯಲ್ಲಿ ಕೂತು ಡ್ರೈವರ್ ಬರೆದು ಉಳಿಸಿದ್ದಾರೆ.

ಯುಎಸ್‌ಬಿ ಆಡಿಯೊಗೆ ಎಲ್ಲರೂ ಒಪ್ಪಿದ ನಿಯಮಾವಳಿ 1998ರಿಂದಲೂ ಇದೆ. ಎರಡನೆಯ ಆವೃತ್ತಿ 2006ರದು. ಮ್ಯಾಕ್, ಲಿನಕ್ಸ್ ಮೊದಲೇ ಅದನ್ನು ಒಪ್ಪಿದ್ದವು, ತಡವಾಗಿಯಾದರೂ 2017ರಲ್ಲಿ ವಿಂಡೋಸ್ ಕೂಡ ಒಪ್ಪಿತು. ಅದಕ್ಕೆ ಬದ್ಧವಾಗಿ ಮಾಡಿದ ಪೆಟ್ಟಿಗೆಗೆ ಸದ್ದು ಹಾಯಿಸಲು ಬೇರೆ ಡ್ರೈವರೇ ಬೇಡ. ಕಂಪ್ಯೂಟರ್ ಬದಲಾದರೂ ಅದು ದುಡಿಯುತ್ತದೆ. ಹೀಗಿದ್ದೂ ನಿಮ್ಮದೇ ಬೀಗ, ನಿಮ್ಮದೇ ಕೀಲಿ ಏಕೆ?

1935ರಲ್ಲಿ ಇದೇ ಊರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಮುಂದೆ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಆ ಕೇಂದ್ರದ ಅಲೆಯನ್ನು ಹಿಡಿಯಬಲ್ಲ ರೇಡಿಯೊ ಯಾವ ಕಂಪನಿಯದಾದರೂ ಹಾಡು ಕೇಳುತ್ತಿತ್ತು. ಆ ಧಾರಾಳತನವನ್ನೇ ನಾನು ನಿಮ್ಮಲ್ಲಿ ಕೇಳುತ್ತಿರುವುದು.

ಯಾವ ವರ್ಷದವರೆಗೆ ಡ್ರೈವರ್ ಕೊಡುತ್ತೀರೆಂದು ಡಬ್ಬಿಯ ಮೇಲೆ, ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಿಸಿ. ಮಾಡೆಲ್ ನಿಲ್ಲಿಸಿದ ದಿನವೇ ಅದರ ಡ್ರೈವರಿನ ಸೋರ್ಸ್ ಕೋಡ್ ಬಿಟ್ಟುಕೊಡಿ. ಅದನ್ನು ತಿದ್ದಿ ನಡೆಸಬಲ್ಲ ಹುಡುಗ ಹುಡುಗಿಯರು ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲೇ ಇದ್ದಾರೆ.

ಇಂತಿ,
ಸರಸ್ವತಿಪುರಂನ ಒಬ್ಬ ವೀಣೆ ಮೇಷ್ಟ್ರು