ಲ್ಯಾಪ್‌ಟಾಪಿಗೂ ಒಂದು ರಜೆ

ಆಯುಧಪೂಜೆಯ ದಿನ ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಸ್ಕೂಟರಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ರಜೆ. ಅಪ್ಪ ಮಾಗಡಿ ರಸ್ತೆಯ ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದಾಗ, ಮೆಷಿನ್ನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಶಟರ್ ಎಳೆದರೆ ಮುಗಿಯಿತು. ಲೇತ್ ಎಂದೂ ಅವರ ಹಿಂದೆ ಮನೆಗೆ ಬರಲಿಲ್ಲ. ನನ್ನ ಲ್ಯಾಪ್‌ಟಾಪು ದಿಂಬಿನ ಪಕ್ಕದಲ್ಲೇ ಮಲಗುತ್ತದೆ.

ಈ ಸಲ ಅಮ್ಮ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂ ಏರಿಸಿದಳು. ಕಡ್ಲೆಪುರಿ ಹಂಚುವ ಹೊತ್ತಿಗೆ ಸರಿಯಾಗಿ ಮ್ಯಾನೇಜರ್ ಫೋನು. "ಐದೇ ನಿಮಿಷದ ಕೆಲಸ, ಪ್ಲೀಸ್." (ಆ ಐದು ನಿಮಿಷ ಎಷ್ಟು ಗಂಟೆ ಅಂತ ನಿಮಗೂ ಗೊತ್ತು.) ಹೂ ಸರಿಸಲು ಕೈಚಾಚಿದೆ.

"ನಾಳೆ ದಶಮಿ ಪೂಜೆ ಆಗೋವರೆಗೂ ಮುಟ್ಟಬಾರದು ಕಣೋ. ಅವರಿಗೂ ಹೇಳು" ಎಂದಳು ಅಮ್ಮ.

ಹೇಳಿದೆ. ಅತ್ತ ಕ್ಷಣ ಮೌನ. ಆಮೇಲೆ, "ನಮ್ಮನೇಲೂ ಹಾಗೇ ಅಂತಾರೆ, ಬಿಡಿ ಸಾರ್!"

ಕೆಲಸ ಮುಗಿದ ಮೇಲೆ ಆಫೀಸಿನ ಕರೆಗೆ ಓಗೊಡದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲೇ ಇದೆ. ನಮಗೆ ಸದ್ಯಕ್ಕೆ ಅಮ್ಮಂದಿರಿದ್ದಾರೆ. ಆದರೆ ಆಯುಧಪೂಜೆ ವರ್ಷಕ್ಕೊಂದೇ. ಉಳಿದ ರಜೆಗಳಿಗೆ ಯಾವ ಪೂಜೆಯ ನೆವ ಹೇಳಬಹುದೋ, ಗೊತ್ತಿದ್ದವರು ದಯವಿಟ್ಟು ತಿಳಿಸಿ. ಫೋನ್ ಮಾತ್ರ ಮಾಡಬೇಡಿ.