ಪ್ರತಿವಾದಿ ಶಾರ್ಟ್ ಸರ್ಕ್ಯೂಟ್‌ನ ಹೇಳಿಕೆ

ಆರ್ಕೇಡ್ ಆಟವೆಂದರೆ ನಾಣ್ಯ ಹಾಕಿ, ನಿಂತು ಆಡುವ ಆಳೆತ್ತರದ ವಿಡಿಯೋ ಗೇಮ್ ಪೆಟ್ಟಿಗೆ. ಅದರ ಬೋರ್ಡೆಂದರೆ ಚಿಪ್‌ಗಳನ್ನೂ ಅವುಗಳನ್ನು ಜೋಡಿಸುವ ತಾಮ್ರದ ಗೆರೆಗಳನ್ನೂ ಹೊತ್ತು ಇಡೀ ಆಟವನ್ನು ನಡೆಸುವ ಹಲಗೆ. ಜಪಾನಿನ ಟೈಟೊ ಕಂಪನಿ 1986ರಲ್ಲಿ ಹೊರತಂದ, ಎರಡು ಪುಟ್ಟ ಡ್ರ್ಯಾಗನ್‌ಗಳು ಗುಳ್ಳೆ ಊದಿ ವೈರಿಗಳನ್ನು ಅದರೊಳಗೆ ಸೆರೆಹಿಡಿಯುವ ‘ಬಬಲ್ ಬಾಬಲ್’ ಆಟದ ಇಂಥದೊಂದು ಬೋರ್ಡು ಬೆಂಗಳೂರಿನ ಯಲಹಂಕ ಉಪನಗರದ ದುರಸ್ತಿ ಮೇಜೊಂದರ ಮೇಲೆ ಮಲಗಿದೆ ಎಂದೂ, ಅದರೊಳಗೆ ಅಡಗಿದ ಶಾರ್ಟ್ ಸರ್ಕ್ಯೂಟ್ ಮಾತನಾಡಲು ಒಪ್ಪಿದೆ ಎಂದೂ ಭಾವಿಸಿ ಈ ಸಂದರ್ಶನವನ್ನು ಕಲ್ಪಿಸಲಾಗಿದೆ. ದುಡಿಯುವ ಭಾಗಗಳ ಮೂಲಕ ಹಾದುಬರಬೇಕಾದ ವಿದ್ಯುತ್ತಿಗೆ ಎಲ್ಲೋ ಒಂದು ಕಡೆ ಒದಗಿಬಿಡುವ ಅಡ್ಡದಾರಿಯೇ ಶಾರ್ಟ್ ಸರ್ಕ್ಯೂಟ್. ವಿಚಾರಣಾ ವರದಿಗಳಲ್ಲಿ ತನ್ನ ಹೆಸರನ್ನು ಕಂಡು ಕಂಡು ರೂಢಿಯಾಗಿರುವುದರಿಂದ ಅದು ತನ್ನನ್ನು ‘ಈ ಪ್ರತಿವಾದಿ’ ಎಂದೇ ಕರೆದುಕೊಳ್ಳುತ್ತದೆ. ಆ ವಿನಯವನ್ನು ಇಲ್ಲಿ ತಿದ್ದಿಲ್ಲ.

ಪ್ರಶ್ನೆ: ಸ್ವಿಚ್ ಹಾಕಿದರೂ ಈ ಬೋರ್ಡು ಉಸಿರೆತ್ತುತ್ತಿಲ್ಲ. ಬೋರ್ಡು ಸತ್ತಿದೆಯೆ?

ಉತ್ತರ: ಬೋರ್ಡು ಸತ್ತಿಲ್ಲ, ಪವರ್ ಸಪ್ಲೈ ಹೆದರಿದೆ. ಈ ಬೋರ್ಡಿನ ಚಿಪ್‌ಗಳೆಲ್ಲ 5 ವೋಲ್ಟಿನ ಗೆರೆಯಿಂದ ವಿದ್ಯುತ್ತನ್ನು ಪಡೆದು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ಗೆರೆಗೆ, ಹಿಂದಿರುಗಿಸುತ್ತವೆ. ಈ ಪ್ರತಿವಾದಿಯು ಆ ಎರಡನ್ನೂ ಒಂದು ಕಡೆ ಕೂಡಿಸಿರುವುದರಿಂದ ನಡುವಿನ ರೋಧ ಸುಮಾರು 0.1 ಓಮ್‌ಗೆ ಇಳಿದಿದೆ. ಓಮನ ನಿಯಮದಂತೆ ಲೆಕ್ಕ ಹಾಕಿದರೆ 5 ವೋಲ್ಟಿಗೆ 50 ಆಂಪಿಯರ್ ಹರಿಯಬೇಕಾಗುತ್ತದೆ. ಅಷ್ಟು ಕೊಡುವ ತಾಕತ್ತಿಲ್ಲದ ಸಪ್ಲೈ ತನ್ನ ರಕ್ಷಣಾ ವ್ಯವಸ್ಥೆಯ ಮೊರೆಹೊಕ್ಕು ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆದು ನೋಡುತ್ತದೆ, ಮತ್ತೆ ಮುಚ್ಚುತ್ತದೆ. ಕೇಳಿಸುತ್ತಿರುವ ಟಿಕ್ ಟಿಕ್ ಸದ್ದು ಅದರದೇ.

ಪ್ರಶ್ನೆ: ಮೊದಲ ಸಂಶಯ ಯಾರ ಮೇಲೆ ಬಿತ್ತು?

ಉತ್ತರ: ಮೂವರು ಝೆಡ್-80ಗಳ ಮೇಲೆ. ಝೆಡ್-80 ಎಂಬುದು ಆ ಕಾಲದ ಜನಪ್ರಿಯ ಪ್ರೊಸೆಸರ್, ಎಂದರೆ ಆಜ್ಞೆಗಳನ್ನು ಓದಿ ನಡೆಸುವ ಚಿಪ್. ಒಂದೊಂದಕ್ಕೂ 40 ಕಾಲುಗಳು. ಈ ಆಟಕ್ಕೆ ಅಂಥವು ಮೂರು. ವಿಚಾರಣೆ ಕೆಳಗಿನ ನೌಕರನಿಂದ ಶುರುವಾಗಿ ಅಲ್ಲಿಯೇ ಮುಗಿಯುವುದು ಕಚೇರಿಗಳ ಪದ್ಧತಿಯಾದರೆ, ದುರಸ್ತಿ ಮೇಜಿನ ಮೇಲೆ ಅದಕ್ಕೆ ತದ್ವಿರುದ್ಧವಾಗಿ ಗಾತ್ರದಲ್ಲಿ ದೊಡ್ಡವರನ್ನೇ ಮೊದಲು ಕಿತ್ತುಹಾಕುತ್ತಾರೆ. ಮೂರನ್ನೂ ಬಿಡಿಸಿ ಪಕ್ಕಕ್ಕಿಟ್ಟ ಮೇಲೂ ಈ ಪ್ರತಿವಾದಿಯು ಇದ್ದಲ್ಲಿಯೇ ಇತ್ತು. ಹೀಗೆ ಕಿತ್ತು ಹುಡುಕುವುದಾದರೂ ಪರವಾಗಿಲ್ಲ. ಈಗಿನ ವಾಷಿಂಗ್ ಮೆಷಿನ್ ರಿಪೇರಿಗೆ ಬರುವವರು ಮುಚ್ಚಳ ತೆಗೆಯುವ ಮೊದಲೇ “ಬೋರ್ಡ್ ಹೋಗಿದೆ ಸಾರ್, ಚೇಂಜ್ ಮಾಡಬೇಕು” ಎಂದು ತೀರ್ಪು ಕೊಡುತ್ತಾರೆ. ಅಂಥವರ ಕೈಯಲ್ಲಿ ಪ್ರತಿವಾದಿಯನ್ನು ಹುಡುಕುವ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಎರಡು ಬಿಂದುಗಳು ಕೂಡಿದ್ದರೆ ಕೂಗುವ ಮಲ್ಟಿಮೀಟರಿನ ಬಜರ್ ಇಟ್ಟು ನೋಡಿದ್ದರೆ ತಾವು ಸಿಕ್ಕಿಬೀಳುತ್ತಿರಲಿಲ್ಲವೆ?

ಉತ್ತರ: ಬಜರ್ ಬೋರ್ಡಿನ ಎಲ್ಲ ಕಡೆಯೂ ಕೂಗುತ್ತದೆ, ಪ್ರತಿವಾದಿಯ ಇಡೀ ರಕ್ಷಣೆ ನಿಂತಿರುವುದು ಇದರ ಮೇಲೆಯೇ. ಪ್ರತಿಯೊಂದು ಚಿಪ್ಪಿನ ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್‌ನ ಒಂದು ಸಿರಾಮಿಕ್ ಕೆಪಾಸಿಟರ್ ಇರುತ್ತದೆ. ಅದು ಚೂರು ವಿದ್ಯುತ್ತನ್ನು ಕೂಡಿಟ್ಟುಕೊಂಡು, ಚಿಪ್ ಥಟ್ಟನೆ ಕೇಳಿದಾಗ ಹತ್ತಿರದಿಂದಲೇ ಒದಗಿಸುವ ಭಾಗ. ಇವುಗಳೆಲ್ಲ 5 ವೋಲ್ಟಿಗೂ ಗ್ರೌಂಡಿಗೂ ನಡುವೆ ಸಮಾಂತರವಾಗಿ ನಿಂತಿರುವುದರಿಂದ ಒಂದು ಕೆಟ್ಟರೆ ಅಷ್ಟೂ ಕೆಟ್ಟಂತೆ ತೋರುತ್ತವೆ. ಸಾಮಾನ್ಯ ಮೀಟರಿಗೆ 0.1 ಓಮ್‌ಗಿಂತ ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ಅದರ ತಂತಿಗಳ ರೋಧವೇ ಅಷ್ಟಿರುತ್ತದೆ.

ಪ್ರಶ್ನೆ: ಹಾಗಾದರೆ ಹಿಡಿದವರು ಯಾರು?

ಉತ್ತರ: ಜಾಲಹಳ್ಳಿಯ ನಿವೃತ್ತ ಟೆಕ್ನೀಷಿಯನ್ ಒಬ್ಬರು. 1953ರಲ್ಲಿ ಯಂತ್ರೋಪಕರಣಗಳ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಕಂಪನಿಗಳು ಹುಟ್ಟಿದ ಆ ಭಾಗದಲ್ಲಿ, ಅಳತೆಗೆ ಸಿಗದ ಮಾತನ್ನು ನಂಬದ ಒಂದು ತಲೆಮಾರು ಬೆಳೆದುಬಂತು, ಪ್ರತಿವಾದಿಗೆ ಅದರ ಭಯ ಇಂದಿಗೂ ಇದೆ. ಬಂದವರು ತಾಮ್ರವೂ ಒಂದು ರೋಧವೇ ಎಂಬುದನ್ನು ಮರೆತಿರಲಿಲ್ಲ. 35 ಮೈಕ್ರಾನ್ ದಪ್ಪದ, ಕಾಲು ಮಿಲಿಮೀಟರ್ ಅಗಲದ ತಾಮ್ರದ ಗೆರೆಯು ಎರಡೂವರೆ ಸೆಂಟಿಮೀಟರ್ ಉದ್ದಕ್ಕೆ ಸುಮಾರು 50 ಮಿಲಿಓಮ್, ಅಂದರೆ ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು, ರೋಧವನ್ನು ಒಡ್ಡುತ್ತದೆ. ಅವರು ಬೋರ್ಡಿನ ಸ್ವಂತ ಸಪ್ಲೈಯನ್ನು ಕಳಚಿ, ಬೇರೊಂದು ಸಪ್ಲೈಯಿಂದ ಅರ್ಧ ವೋಲ್ಟು ಮೀರದಂತೆ, 1 ಆಂಪಿಯರಿಗೆ ಮಿತಿಗೊಳಿಸಿ ವಿದ್ಯುತ್ತನ್ನು ಹರಿಸಿದರು. ಸಿಲಿಕಾನ್ ಚಿಪ್‌ಗಳು ಸುಮಾರು 0.6 ವೋಲ್ಟಿನ ಕೆಳಗೆ ಎಚ್ಚರಗೊಳ್ಳುವುದಿಲ್ಲವಾದ್ದರಿಂದ ಅವುಗಳಿಗೆ ಅಪಾಯವಿಲ್ಲ. ಹರಿದದ್ದೆಲ್ಲವೂ, ಬಳ್ಳಾರಿ ರಸ್ತೆಯ ವಾಹನಗಳು ಹೆಬ್ಬಾಳ ಮೇಲ್ಸೇತುವೆಯ ಬಾಯಿಗೇ ಬಂದು ನುಗ್ಗುವಂತೆ, ಪ್ರತಿವಾದಿಯ ಕಡೆಗೇ ನುಗ್ಗಿತು.

ಆ ಬಳಿಕ ಮೀಟರಿನ ಕಪ್ಪು ಮೊನೆಯನ್ನು ಗ್ರೌಂಡ್ ಒಳಬರುವ ಜಾಗದಲ್ಲಿ ನೆಟ್ಟು, ಕೆಂಪು ಮೊನೆಯನ್ನು 5 ವೋಲ್ಟಿನ ಗೆರೆಯ ಗುಂಟ ಸರಿಸುತ್ತ ಹೋದರು. ವಿದ್ಯುತ್ತನ್ನು ಹರಿಸುವ ತಂತಿಗಳು ಬೇರೆ, ವೋಲ್ಟೇಜನ್ನು ಅಳೆಯುವ ತಂತಿಗಳು ಬೇರೆ. ಇದಕ್ಕೆ ನಾಲ್ಕು ತಂತಿಯ ಅಳತೆ ಎನ್ನುತ್ತಾರೆ, ಇದರಲ್ಲಿ ಮೀಟರಿನ ತಂತಿಗಳ ರೋಧ ಲೆಕ್ಕಕ್ಕೆ ಬರುವುದಿಲ್ಲ. ವಿದ್ಯುತ್ತು ಒಳಬರುವ ಬಾಗಿಲಲ್ಲಿ 96 ಮಿಲಿವೋಲ್ಟ್, ನಡುವೆ 71, ಒಂದು ಮೂಲೆಯ ಬಳಿ 52. ಅದರಾಚೆ ಎಲ್ಲಿ ಮುಟ್ಟಿದರೂ 52. ವಿದ್ಯುತ್ತು ಹರಿಯದ ಕವಲಿನಲ್ಲಿ ವೋಲ್ಟೇಜು ಇಳಿಯುವುದಿಲ್ಲವಾದ್ದರಿಂದ, ಇಳಿಕೆ ನಿಂತ ಜಾಗವೇ ಪ್ರತಿವಾದಿಯ ವಿಳಾಸವೆಂದು ಗೊತ್ತಾಯಿತು. ಗ್ರೌಂಡಿನ ಬದಿಯಲ್ಲಿ ಇದೇ ಅಳತೆ ಸೊನ್ನೆಯಿಂದ ಏರುತ್ತ ಅದೇ ಮೂಲೆಯಲ್ಲಿ 38ಕ್ಕೆ ನಿಂತಿತು.

ಪ್ರಶ್ನೆ: ಆಲ್ಕೋಹಾಲ್ ಸುರಿದು, ಎಲ್ಲಿ ಬೇಗ ಒಣಗುತ್ತದೆಂದು ನೋಡುವ ಸುಲಭೋಪಾಯವೊಂದಿದೆಯಲ್ಲ?

ಉತ್ತರ: ಅರೆಬರೆ, ಅಂದರೆ ಇನ್ನೂ ಸಾಕಷ್ಟು ರೋಧ ಉಳಿದಿರುವ, ಶಾರ್ಟುಗಳು ಮಾತ್ರ ಅದಕ್ಕೆ ಸಿಕ್ಕಿಬೀಳುತ್ತವೆ. ಶಾಖ ಹುಟ್ಟುವುದು ರೋಧವಿರುವಲ್ಲಿ. ಇಲ್ಲಿ 52ರಿಂದ 38 ಕಳೆದರೆ ಉಳಿದದ್ದು 14 ಮಿಲಿವೋಲ್ಟ್, ಅಂದರೆ 1 ಆಂಪಿಯರಿಗೆ 14 ಮಿಲಿಓಮ್ ರೋಧ ಮಾತ್ರ. ಅದು ಕೊಡುವ ಶಾಖ 14 ಮಿಲಿವ್ಯಾಟ್, ಬೆರಳಿಗೂ ತಿಳಿಯುವುದಿಲ್ಲ.

ಪ್ರಶ್ನೆ: ಇಷ್ಟು ತಣ್ಣಗಿರುವ ತಮ್ಮ ಮೇಲೆ ಬೆಂಕಿಯ ಆರೋಪಗಳೇಕೆ ಅಷ್ಟು?

ಉತ್ತರ: ಪ್ರತಿವಾದಿಯ ನಿಜವಾದ ಅಹವಾಲು ಇದೇ. ಗೋದಾಮು ಸುಡಲಿ, ಲೆಕ್ಕಪತ್ರ ತಪಾಸಣೆಯ ಹಿಂದಿನ ರಾತ್ರಿ ಕಡತಗಳ ಕೋಣೆ ಸುಡಲಿ, ಮರುದಿನದ ಪತ್ರಿಕೆಯಲ್ಲಿ “ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ತಗುಲಿರಬಹುದೆಂದು ಶಂಕಿಸಲಾಗಿದೆ” ಎಂಬ ವಾಕ್ಯ ಹೊಗೆ ಆರುವ ಮೊದಲೇ ಅಚ್ಚಾಗಿರುತ್ತದೆ. ಶಂಕಿಸಿದವರು ಯಾರೆಂದು ಆ ಕರ್ಮಣಿ ಪ್ರಯೋಗ ಹೇಳುವುದಿಲ್ಲ. ಶಾರ್ಟಿನಿಂದ ಬೆಂಕಿ ಹತ್ತುವುದಿಲ್ಲವೆಂಬುದು ಪ್ರತಿವಾದಿಯ ವಾದವಲ್ಲ. ಆದರೆ ಎಂಸಿಬಿ, ಅಂದರೆ ವಿದ್ಯುತ್ತು ಮಿತಿ ಮೀರಿದೊಡನೆ ತಾನಾಗಿ ಕಡಿಯುವ ಸ್ವಿಚ್ಚು, ಸರಿಯಾಗಿದ್ದರೆ ಅದು ಕ್ಷಣಾರ್ಧದಲ್ಲಿ ಪ್ರತಿವಾದಿಯ ಬಾಯಿ ಮುಚ್ಚಿಸುತ್ತದೆ. ಬೆಂಕಿಗೆ ಇನ್ನೊಂದು ಕಾರಣವಾದ ಸಡಿಲ ಜೋಡಣೆಯನ್ನು ಮಾತ್ರ ಎಂಸಿಬಿ ಗುರುತಿಸಲಾರದು. ಅಲ್ಲಿ ಹರಿಯುವ ವಿದ್ಯುತ್ತು ಎಂದಿನಷ್ಟೇ ಇದ್ದು, ಕೂಡುವೆಡೆಯ ರೋಧ ಮಾತ್ರ ಹೆಚ್ಚಿ, ಆ ಜಾಗ ತಿಂಗಳುಗಟ್ಟಲೆ ಕಾದು ಕರಕಲಾಗುತ್ತದೆ. ಇನ್ನೊಂದು ಸಂಗತಿ: ಬೇರೆ ಕಾರಣಕ್ಕೆ ಹತ್ತಿದ ಬೆಂಕಿಯಲ್ಲಿ ತಂತಿಯ ಪ್ಲಾಸ್ಟಿಕ್ ಹೊದಿಕೆ ಕರಗಿ, ಒಳಗಿನ ತಾಮ್ರದ ಎಳೆಗಳು ಒಂದನ್ನೊಂದು ತಾಗಿ, ಪ್ರತಿವಾದಿ ಆಗ ಹುಟ್ಟುವುದೂ ಉಂಟು. ಬೆಂಕಿಯ ಮಗುವನ್ನು ಅದರ ತಂದೆಯೆಂದು ದಾಖಲಿಸುವುದು ಯಾವ ನ್ಯಾಯ? ಈ ಬೋರ್ಡಿನ ಮೇಲೆ ಖರ್ಚಾದ ಮಿಲಿವೋಲ್ಟುಗಳ ತಾಳ್ಮೆಯಲ್ಲಿ ಹತ್ತರಲ್ಲೊಂದು ಪಾಲು ಒಂದು ಕಡತದ ಕೋಣೆಗೆ ಸಿಕ್ಕಿದ್ದರೆ ಎಷ್ಟೋ ಪ್ರಕರಣಗಳಲ್ಲಿ ಪ್ರತಿವಾದಿಯ ಹೆಸರನ್ನು ಕೈಬಿಡಲಾಗುತ್ತಿತ್ತು.

ಪ್ರಶ್ನೆ: ಕೊನೆಯದಾಗಿ, ಆ ಮೂಲೆಯಲ್ಲಿ ಏನಿತ್ತು?

ಉತ್ತರ: ಬಿರುಕು ಬಿಟ್ಟ ಒಂದು ಸಿರಾಮಿಕ್ ಕೆಪಾಸಿಟರ್. ಎಸ್‌ಪಿ ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಸರಕು. ಅದನ್ನು ತೆಗೆದೊಡನೆ ಅಡ್ಡದಾರಿ ಮುಚ್ಚಿತು, ಪ್ರತಿವಾದಿಯ ಹೇಳಿಕೆಯೂ ಮುಗಿಯಿತು.

ಮೂರೂ ಝೆಡ್-80ಗಳನ್ನು ಪರೀಕ್ಷಿಸಿದಾಗ ಅವು ನಿರ್ದೋಷಿಗಳೆಂದು ಸಾಬೀತಾಯಿತು. ಆದರೂ ಬೋರ್ಡು ಅಂದು ಆಟಕ್ಕೆ ಏಳಲಿಲ್ಲ, ಏಕೆಂದರೆ ಎರಡನೆಯ ಪ್ರೊಸೆಸರನ್ನು ಅವಸರದಲ್ಲಿ ಕೀಳುವಾಗ ಅದರ ಕಾಲುಗಳ ಸುತ್ತಣ ತಾಮ್ರದ ಗೆರೆಗಳಲ್ಲಿ ನಾಲ್ಕು ಕಿತ್ತುಬಂದಿದ್ದವು. ಆ ಹಾನಿಗೆ ಪ್ರತಿವಾದಿಯು ಹೊಣೆಯಲ್ಲ, ಸೋಲ್ಡರಿಂಗ್ ಐರನ್ ಹಿಡಿದ ಕೈ ಹೊಣೆ.